ಬಣ್ಣ ಬಳಿಯುವ ಮುಂಚೆ: ನೆಲಮಾಳಿಗೆ ರೂಮಿನ ಬೂಷ್ಟಿಗೆ ನೀರು ಬಂದದ್ದೆಲ್ಲಿಂದ?

ಇವತ್ತು ನಮ್ಮ ಮನೆಯ ಒಂದು ಗೋಡೆಯ ಬಗ್ಗೆ ಮಾತಾಡ್ತೀನಿ. ನಗಬೇಡಿ, ಈ ಗೋಡೆ ನನ್ನಿಂದ ಎರಡು ವರ್ಷ, ಎರಡು ಸಲ ಪೇಂಟಿಂಗ್ ಖರ್ಚು ಮತ್ತು ಪಕ್ಕದ ಮನೆಯವರ ಸ್ನೇಹ ಇಷ್ಟನ್ನೂ ತಿಂದಿದೆ.

ಬೆಂಗಳೂರಿನಲ್ಲಿ ನಮ್ಮದು ಇಳಿಜಾರಿನ ಸೈಟು. ಹಾಗಾಗಿ ಮುಂದಿನ ಹಾಲಿನ ಕೆಳಗೆ ಅರ್ಧ ಮಣ್ಣಿನೊಳಗೆ ಒಂದು ರೂಮು ಇದೆ. ಹಿಂದಿನ ಓಣಿಯಿಂದ ಮೆಟ್ಟಿಲು ಹತ್ತದೆ ನೇರ ಒಳಗೆ ಬರಬಹುದು. ಮಂಡಿ ನೋವಿರೋ ಅಪ್ಪನಿಗೆ ಅದೇ ಅನುಕೂಲ. ಅಲ್ಲಿ ಮೊದಲು ಬಂದದ್ದು ಮುಗ್ಗಲು ವಾಸನೆ. ಆಮೇಲೆ ಮೂಲೆಯಲ್ಲಿ ಎದೆಮಟ್ಟದ ಎತ್ತರಕ್ಕೆ ಒದ್ದೆ ಕಲೆ, ಅದರ ಸುತ್ತ ಕಪ್ಪು ಚುಕ್ಕೆ. ಅಪ್ಪನಿಗೆ ರಾತ್ರಿ ಕೆಮ್ಮು, ಉಬ್ಬಸ ಜಾಸ್ತಿಯಾಯ್ತು. ಆ ರೂಮಿನಲ್ಲಿ ಮಲಗಬೇಡಿ ಅಂದರು ಡಾಕ್ಟರು. ಮೇಲೆ ಮಲಗಿದರೆ ಮೆಟ್ಟಿಲು, ಕೆಳಗೆ ಮಲಗಿದರೆ ಕೆಮ್ಮು.

ನಾನು ಮಾಡಿದ್ದು ಎಲ್ಲರೂ ಮಾಡೋದನ್ನೇ. ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆ. ಆರು ತಿಂಗಳಿಗೆ ಅದು ಹಪ್ಪಳದ ಹಾಗೆ ಉಬ್ಬಿ ಉದುರಿತು. ಇನ್ನೊಂದು ಸಲ ಹೊಡೆಸಿದೆ, ಮತ್ತೆ ಅದೇ ಕಥೆ. ಕಾರಣ ಸರಳ. ನೀರು ಗೋಡೆಯ ಹಿಂದಿನಿಂದ ಬರ್ತಾ ಇದ್ದರೆ ಒಳಗಿನ ಪೇಂಟು ಅದಕ್ಕೆ ಅಡ್ಡ ನಿಲ್ಲೋ ಒಂದು ತೆಳು ಪೊರೆ ಅಷ್ಟೆ. ನೀರು ಅದನ್ನ ತಳ್ಳಿಕೊಂಡು ಬರುತ್ತೆ.

ಬೂಷ್ಟಿಗೆ ಬೇಕಾಗಿರೋದು ತೇವ. ಆ ತೇವ ಮೂರು ದಾರಿಯಲ್ಲಿ ಬರಬಹುದು: ರೂಮಿನ ಗಾಳಿಯಿಂದ, ಹೊರಗಿನ ಮಣ್ಣು-ಮಳೆಯಿಂದ, ಇಲ್ಲಾ ಯಾವುದೋ ಪೈಪು, ತೊಟ್ಟಿಯ ಸೋರಿಕೆಯಿಂದ. ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲು ಯಾವುದು ಅಂತ ಗೊತ್ತಾಗಬೇಕು.

ಗಾಳಿಯೋ ಗೋಡೆಯೋ ಅಂತ ತಿಳಿಯೋಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಗೋಡೆಯ ಮೇಲ್ಮೈಯನ್ನ ಫ್ಯಾನ್ ಹಾಕಿ ಒಣಗಿಸಿ, ಒಂದಡಿ ಚದರದ ಫಾಯಿಲನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹನಿ ನಿಮ್ಮ ಕಡೆ ಕೂತರೆ ಅದು ರೂಮಿನ ಗಾಳಿಯ ತೇವ. ಫಾಯಿಲಿನ ಹಿಂದೆ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರ್ತಾ ಇದೆ. ನಮ್ಮದು ಹಿಂದೆ ಒದ್ದೆ.

ಇನ್ನೊಂದು ಸುಳಿವೂ ಇತ್ತು. ಕಲೆಯ ಅಂಚಿನಲ್ಲಿ ಬಿಳಿ ಹತ್ತಿಯಂಥ ಪುಡಿ. ನಾನು ಅದನ್ನೂ ಬೂಷ್ಟು ಅಂದುಕೊಂಡಿದ್ದೆ. ಮೇಸ್ತ್ರಿ ಬೆರಳಿಗೆ ನೀರು ಮುಟ್ಟಿಸಿ ಅದರ ಮೇಲೆ ಇಟ್ಟರು, ಕರಗಿಹೋಯ್ತು. "ಇದು ಉಪ್ಪು ಸಾರ್" ಅಂದರು. ಬೂಷ್ಟು ನೀರಲ್ಲಿ ಕರಗಲ್ಲ. ಇಟ್ಟಿಗೆ, ಸಿಮೆಂಟಿನ ಲವಣವನ್ನ ಕರಗಿಸಿಕೊಂಡು ಬಂದ ನೀರು ಆರಿಹೋದ ಮೇಲೆ ಗೋಡೆ ಮೇಲೆ ಬಿಟ್ಟುಹೋಗೋ ಗುರುತು ಅದು.

ಹಾಗಾದರೆ ಮಳೆಯಾ? ಫೆಬ್ರವರಿಯಲ್ಲೂ ಕಲೆ ಹಸಿಯಾಗೇ ಇತ್ತು. ಮಳೆ ಅಲ್ಲ. ಮೂಲೆಯ ಒಂದು ಪಕ್ಕಕ್ಕೆ ಪಕ್ಕದ ಮನೆಯ ಬಚ್ಚಲು ಇದೆ. ನನಗೆ ಇನ್ನೇನು ಬೇಕು? ಹೋಗಿ ಜಗಳ ಆಡಿದೆ. ನಲವತ್ತು ವರ್ಷದಿಂದ ಯುಗಾದಿಗೆ ಹೋಳಿಗೆ ಕಳಿಸ್ತಿದ್ದ ಮನೆ ಅದು. ಆ ವರ್ಷ ಹೋಳಿಗೆ ಬರಲಿಲ್ಲ.

ಸುಳಿವು ಸಿಕ್ಕಿದ್ದು ಅಪ್ಪನಿಂದ. ಮಾಡೋಕೆ ಬೇರೆ ಕೆಲಸ ಇಲ್ಲ ಅಂತ ದಿನಾ ಬೆಳಿಗ್ಗೆ ಕಲೆಯ ಅಂಚಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೆಯೋರು. ಏಪ್ರಿಲಲ್ಲಿ ನಮ್ಮ ಬೀದಿಗೆ ಆರು ದಿನ ಕಾವೇರಿ ನೀರು ಬರಲಿಲ್ಲ, ಸಂಪು ತಳ ಕಂಡಿತು. "ನೋಡೋ, ನೀರು ಬರದಿದ್ದಾಗ ಗೋಡೆ ಒಣಗ್ತಾ ಇದೆ ಕಣೋ" ಅಂದರು. ಗೆರೆ ನಿಜವಾಗ್ಲೂ ಎರಡು ಬೆರಳು ಒಳಗೆ ಸರಿದಿತ್ತು. ಪಕ್ಕದವರು ಟ್ಯಾಂಕರ್ ಹಾಕಿಸಿಕೊಂಡು ದಿನಾ ಸ್ನಾನ ಮಾಡ್ತಾನೇ ಇದ್ದರು. ಮೂಲೆಯ ಇನ್ನೊಂದು ಪಕ್ಕಕ್ಕೆ, ಮಣ್ಣಿನ ಆಚೆ, ಇರೋದು ನಮ್ಮದೇ ಸಂಪು.

ನೀರು ಬಂದ ದಿನ ಸಂಪು ತುಂಬಿಸಿ, ಒಳಬರೋ ವಾಲ್ವ್ ಮುಚ್ಚಿ, ಮೋಟಾರ್ ಆಫ್ ಮಾಡಿ, ರಾತ್ರಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಿಗ್ಗೆಗೆ ಒಂದೂವರೆ ಇಂಚು ಇಳಿದಿತ್ತು. ಕೇಳೋಕೆ ಸಣ್ಣದು. ಆದರೆ ಆರಡಿಗೆ ಐದಡಿ ಸಂಪಿನಲ್ಲಿ ಒಂದೂವರೆ ಇಂಚು ಅಂದರೆ ಸುಮಾರು 105 ಲೀಟರ್, ಒಂದೇ ರಾತ್ರಿಗೆ. ಮುಚ್ಚಳ ಹಾಕಿದ ಸಂಪಿನಿಂದ ಅಷ್ಟು ನೀರು ಆವಿಯಾಗಿ ಹೋಗಲ್ಲ.

ಬಿರುಕು ಎಲ್ಲಿದೆ ಅಂತ ಹುಡುಕೋಕೂ ನೀರೇ ಸಾಕು. ಮಟ್ಟ ಇಳೀತಾ ಇಳೀತಾ ಎಲ್ಲಿ ನಿಲ್ಲುತ್ತೋ, ಸೋರಿಕೆ ಹೆಚ್ಚುಕಡಿಮೆ ಅದೇ ಎತ್ತರದಲ್ಲಿರುತ್ತೆ. ನಮ್ಮದು ತಳದಿಂದ ಎರಡೂವರೆ ಅಡಿಗೆ ನಿಂತಿತು. ಅಲ್ಲಿ ಮೂಲೆಯಲ್ಲಿ ಕೂದಲೆಳೆಯಂಥ ಸೀಳು. ನನಗೆ ಭಯ ಆಗಿದ್ದು ಆಗಲೇ. ನೀರು ಹೊರಗೆ ಹೋಗೋ ಸೀಳಿನಲ್ಲಿ, ಸಂಪು ಖಾಲಿ ಇದ್ದಾಗ, ಮಳೆಗಾಲದ ಕೊಳಕು ನೀರು ಒಳಗೂ ಬರಬಹುದಲ್ಲ? ನಾವು ಕುಡಿಯೋದು ಅದೇ ನೀರು.

ಸಂಪು ಖಾಲಿ ಮಾಡಿ, ಸೀಳನ್ನ ಅಗಲಿಸಿ ಕೆತ್ತಿ ಪಾಲಿಮರ್ ಗಾರೆ ತುಂಬಿ, ಕುಡಿಯೋ ನೀರಿನ ತೊಟ್ಟಿಗೇ ಅಂತ ಇರೋ ಕೋಟಿಂಗ್ ಹಾಕಿದರು. ಒಳಗಿನ ಹಾಳಾದ ಪ್ಲಾಸ್ಟರ್ ಕಿತ್ತು ಗೋಡೆಯನ್ನ ಬರಿದಾಗಿ ಬಿಟ್ಟೆವು. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಒಣಗೋಕೆ ತಿಂಗಳುಗಟ್ಟಲೆ ಬೇಕು, ಅವಸರ ಮಾಡಿ ಬಣ್ಣ ಹೊಡೆಸಬೇಡಿ. ಬೂಷ್ಟನ್ನ ಒಣಗಿದ್ದಾಗ ಉಜ್ಜಬೇಡಿ, ಅದರ ಪುಡಿ ಗಾಳಿಗೆ ಹಾರುತ್ತೆ. ಎನ್-95 ಮಾಸ್ಕ್ ಹಾಕಿ, ಸೋಪಿನ ನೀರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಬ್ಲೀಚನ್ನ ಆ್ಯಸಿಡ್ ಜೊತೆ ಬೆರೆಸಲೇಬೇಡಿ, ವಿಷಾನಿಲ ಬರುತ್ತೆ.

ಅಲ್ಲಿಗೆ ಮುಗೀತು ಅಂದುಕೊಂಡೆ. ಜುಲೈನಲ್ಲಿ ವಾಸನೆ ಮತ್ತೆ ಬಂತು! ಈ ಸಲ ಎದುರು ಗೋಡೆ, ಬೀರುವಿನ ಹಿಂದೆ. ಫಾಯಿಲ್ ಅಂಟಿಸಿದರೆ ಹನಿ ನಮ್ಮ ಕಡೆಯೇ. ಗಾಳಿ ಆಡಲಿ ಅಂತ ನಾವೇ ಮಳೆಯಲ್ಲೂ ಕಿಟಕಿ ತೆಗೆದಿಡ್ತಿದ್ದೆವು. ಹೊರಗೆ 26 ಡಿಗ್ರಿ, ತೇವಾಂಶ 85 ಶೇಕಡಾ ಇದ್ದರೆ, ಆ ಗಾಳಿ 23 ಡಿಗ್ರಿಯ ಹತ್ತಿರ ತಣ್ಣಗಾದ ತಕ್ಷಣ ನೀರಾಗುತ್ತೆ. ಮಣ್ಣಿಗೆ ತಾಗಿದ ಗೋಡೆ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತೆ. ತಣ್ಣನೆ ಚೊಂಬಿನ ಹೊರಗೆ ಹನಿ ಕೂತ ಹಾಗೆ. ಬೀರುವನ್ನ ನಾಲ್ಕಿಂಚು ಮುಂದೆ ಎಳೆದೆವು, ಒದ್ದೆ ಬಟ್ಟೆ ಅಲ್ಲಿ ಹರವೋದು ನಿಲ್ಲಿಸಿದೆವು, ಕೆಲವು ನೂರು ರೂಪಾಯಿಯ ತೇವಾಂಶ ಮಾಪಕ ತಂದೆವು. ಅದು 60 ದಾಟದ ಹಾಗೆ ನೋಡ್ಕೋಬೇಕು. ಮಳೆಗಾಲದಲ್ಲಿ ಬರೀ ಕಿಟಕಿಯಿಂದ ಅದು ಆಗಲ್ಲ, ಡಿಹ್ಯುಮಿಡಿಫೈಯರ್ ಇಡಬೇಕಾಯ್ತು.

ಅಪ್ಪ ದೀಪಾವಳಿ ಹೊತ್ತಿಗೆ ಕೆಳಗೆ ಮಲಗೋಕೆ ಶುರು ಮಾಡಿದರು. ಪೆನ್ಸಿಲ್ ಗೆರೆಗಳನ್ನ ಪ್ಲಾಸ್ಟರ್ ಜೊತೆ ಕಿತ್ತುಹಾಕಿದ್ದಕ್ಕೆ ಇನ್ನೂ ಬೈತಾರೆ. ಪಕ್ಕದ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಯಜಮಾನರು ಕಾಫಿ ಕೊಟ್ಟರು, ಜಾಸ್ತಿ ಮಾತಾಡಲಿಲ್ಲ. ಈ ಯುಗಾದಿಗೆ ನೋಡಬೇಕು.