ಬಿಸಿಲುನಾಡಿನ ಮನೆಗಳು ಮತ್ತು ಇಂಧನದ ಮಿತವ್ಯಯ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳು ತೊಗರಿಗೂ ಜೋಳಕ್ಕೂ ಹೆಸರಾದವು. ಭೀಮೆಯೂ ಅಮರ್ಜೆಯೂ ಹರಿಯುವ ಈ ಎರೆನಾಡಿನ ಭೂಮಿಯು ಎಷ್ಟು ಫಲವತ್ತಾದುದೋ ಅಲ್ಲಿನ ಬೇಸಗೆಯು ಅಷ್ಟೇ ತೀಕ್ಷ್ಣವಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ವರ್ಷಂಪ್ರತಿ ಕಾಣುವ ಸಂಗತಿ. ಇಂಥ ಸೀಮೆಯಲ್ಲಿ ಒಕ್ಕಲಿಗನು ಹೊಲಕ್ಕೆ ಎಷ್ಟು ಗಮನ ಕೊಡುವನೋ ತಾನು ವಾಸಿಸುವ ಮನೆಗೂ ಅಷ್ಟೇ ಗಮನ ಕೊಡುವುದು ಅವಶ್ಯಕ. ರಾತ್ರಿ ನಿದ್ರೆಯಿಲ್ಲದವನಿಂದ ಹಗಲು ಕೆಲಸವಾಗದು. ಸೆಕೆಯಲ್ಲಿ ಬೆಂದ ಎತ್ತು ಉಳುಮೆಗೆ ಬಾರದು.

ಈಚಿನ ವರ್ಷಗಳಲ್ಲಿ ಹಳೆಯ ಮಾಳಿಗೆ ಮನೆಗಳನ್ನು ಕೆಡವಿ ಕಾಂಕ್ರೀಟಿನ ಮನೆ ಕಟ್ಟುವುದು ಹಳ್ಳಿಹಳ್ಳಿಗೂ ಹಬ್ಬಿದೆ. ಹೀಗೆ ಕಟ್ಟಿದವರಲ್ಲಿ ಅನೇಕರು ಮೊದಲ ಬೇಸಗೆಯಲ್ಲಿಯೇ ಒಳಗೆ ಮಲಗಲಾರದೆ ಅಂಗಳಕ್ಕೆ ಬರುವರು. ಬಳಿಕ ಫ್ಯಾನು, ಕೂಲರು ಎಂದು ವಿದ್ಯುತ್ತಿನ ಖರ್ಚು ಏರುತ್ತ ಹೋಗುವುದು. ವಿದ್ಯುತ್ತಿನ ಹೆಚ್ಚಿನ ಭಾಗವು ಈ ದೇಶದಲ್ಲಿ ಇಂದಿಗೂ ಕಲ್ಲಿದ್ದಲಿನಿಂದಲೇ ಉತ್ಪನ್ನವಾಗುತ್ತಿರುವುದರಿಂದ ಒಂದು ಯೂನಿಟ್ ಬಳಕೆಗೆ ಸುಮಾರು 0.7 ಕಿಲೋಗ್ರಾಂ ಇಂಗಾಲಾಮ್ಲವಾಯುವು ವಾತಾವರಣವನ್ನು ಸೇರುವುದು. ಭೂಮಿಯ ಉಷ್ಣತೆಯನ್ನೂ ಮಳೆಯ ಏರುಪೇರನ್ನೂ ಹೆಚ್ಚಿಸುವ ವಾಯು ಇದೇ. ಆದಕಾರಣ ಮನೆಯನ್ನು ತಂಪಾಗಿಡುವ ವಿಚಾರವೂ ಬೆಳೆಯನ್ನು ಕಾಯ್ದುಕೊಳ್ಳುವ ವಿಚಾರವೂ ಬೇರೆ ಬೇರೆಯಲ್ಲ.

ಹಳೆಯ ಮಾಳಿಗೆಯ ಗುಣ

ಹಿರಿಯರು ಕಟ್ಟಿದ ಮಾಳಿಗೆ ಮನೆಯ ರಚನೆಯು ವಿಚಾರಪೂರ್ವಕವಾದುದು. ದಪ್ಪವಾದ ಕಲ್ಲಿನ ಗೋಡೆ, ಮೇಲೆ ಮರದ ತೊಲೆ ಜಂತಿಗಳು, ಅವುಗಳ ಮೇಲೆ ಹಲಗೆ, ಅದರ ಮೇಲೆ ಹಾಳುಮಣ್ಣು. ಬೆಳಕಿಗೂ ಗಾಳಿಗೂ ಮೇಲೆ ಬೆಳಕಿಂಡಿ. ಇಂಥ ದಪ್ಪ ಗೋಡೆಯೊಳಗಿಂದ ಶಾಖವು ಬಹು ನಿಧಾನವಾಗಿ ಸಾಗುವುದು. ನಡುಹಗಲಿನ ಬಿಸಿಯು ಒಳಮೈಯನ್ನು ಮುಟ್ಟುವ ಹೊತ್ತಿಗೆ ರಾತ್ರಿಯಾಗಿ ಹೊರಗೆ ತಂಗಾಳಿ ಬೀಸುತ್ತಿರುವುದು. ಬೆಳಕಿಂಡಿಯನ್ನು ತೆರೆದರೆ ಬಿಸಿಗಾಳಿಯು ಮೇಲಕ್ಕೆ ಹೊರಟುಹೋಗುವುದು. ಸೀಮೆಯ ಒಣಹವೆಗೆ ಇದಕ್ಕಿಂತ ತಕ್ಕ ರಚನೆಯು ವಿರಳ. ಇದಕ್ಕೆ ಬೇಕಾದ ಕಲ್ಲು, ಮಣ್ಣು, ಮರಗಳಾವುವನ್ನೂ ಭಟ್ಟಿಯಲ್ಲಿ ಸುಡಬೇಕಾಗಿಲ್ಲ.

ಮಾಳಿಗೆಯ ಅಪಾಯ

ಆದರೆ ಗುಣವನ್ನು ಹೇಳಿ ದೋಷವನ್ನು ಮುಚ್ಚಿಡುವುದು ಸರಿಯಲ್ಲ. 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ ಭೂಕಂಪವಾಯಿತು. ಆ ಊರು ಆಳಂದದಿಂದ ನೇರ ಗೆರೆಯಲ್ಲಿ 60 ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದೆ. ಅಂದು ಸುಮಾರು 8,000 ಜನರು ಮೃತರಾದರು. ಅದಕ್ಕೂ ಹೆಚ್ಚೆಂದು ಹೇಳುವವರೂ ಉಂಟು. ಭೂಕಂಪವು ಅತಿ ದೊಡ್ಡದಾಗಿರಲಿಲ್ಲ. ಮಲಗಿದ್ದ ಜನರ ಮೇಲೆ ಬಿದ್ದುದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಯೂ ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆಯೂ. ಈ ಮೂರು ತಾಲ್ಲೂಕುಗಳ ಹಳೆಯ ಮನೆಗಳೂ ಬಹುಮಟ್ಟಿಗೆ ಅದೇ ಬಗೆಯವು.

ಅಂಥ ಗೋಡೆಯಲ್ಲಿ ಒಳಪದರ, ಹೊರಪದರವೆಂದು ಎರಡು ಪದರಗಳಿದ್ದು ನಡುವೆ ಚೂರುಗಲ್ಲು, ಮಣ್ಣು ತುಂಬಿರುವುದು. ಎರಡನ್ನೂ ಹಿಡಿದಿಡುವ ಅಡ್ಡಗಲ್ಲುಗಳಿಲ್ಲದಿದ್ದರೆ ನೆಲ ಅಲುಗಿದೊಡನೆ ಪದರಗಳು ಅಗಲಿ ಬೀಳುವುವು. ಮಾಳಿಗೆ ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಹೇರುವ ರೂಢಿಯು ಇನ್ನೊಂದು ಕೇಡು. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದರ ತೂಕವು ಸುಮಾರು 4.5 ಟನ್ ಆಗುವುದು. ಎರಡು ಅಡಿಗೆ 9 ಟನ್. ಮಳೆಯಲ್ಲಿ ನೆನೆದರೆ ಇನ್ನೂ ಅಧಿಕ. ಮುಂಗಾರಿನಲ್ಲಿ ಮಾಳಿಗೆ ಕುಸಿದ ಸುದ್ದಿ ಮತ್ತೆ ಮತ್ತೆ ಕೇಳಿಬರುವುದಕ್ಕೆ ಇದೇ ಕಾರಣ. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಗ್ರಾಮಗಳು ಪಟ್ಟ ಕಷ್ಟವನ್ನು ಅಲ್ಲಿನ ಜನರು ಮರೆತಿಲ್ಲ. ನೀರು ನಿಂತರೆ ಮಣ್ಣಿನ ಗೋಡೆಗೆ ಬಲವಿರುವುದಿಲ್ಲ.

ಹೀಗಿರಲಾಗಿ, ಮಾಳಿಗೆಯನ್ನು ಬಿಟ್ಟು ಕಾಂಕ್ರೀಟಿಗೆ ಹೋದವರು ಕೇವಲ ಶೋಕಿಗಾಗಿ ಹೋದರೆಂದು ಆಕ್ಷೇಪಿಸುವುದು ನ್ಯಾಯವಲ್ಲ. ಜೀವಭಯವೂ ಒಂದು ಕಾರಣ. ಮಾಳಿಗೆಯ ತಂಪನ್ನು ಉಳಿಸಿಕೊಂಡು ಅದರ ಅಪಾಯವನ್ನು ಕಳೆಯುವುದು ಹೇಗೆ ಎಂಬುದೇ ವಿಚಾರ ಮಾಡತಕ್ಕ ವಿಷಯ.

ಹಳೆಯ ಮನೆಯನ್ನು ಭದ್ರಪಡಿಸುವ ಕ್ರಮ

ಗೋಡೆ ಉಬ್ಬಿಲ್ಲದ, ತೊಲೆಗೆ ಗೆದ್ದಲು ಹತ್ತದ ಮನೆಯನ್ನು ಕೆಡವುವ ಅವಶ್ಯಕತೆಯಿಲ್ಲ. ಬೇಸಗೆಯಲ್ಲಿ ಮಾಳಿಗೆಯ ಹೆಚ್ಚಿನ ಮಣ್ಣನ್ನು ಎಲ್ಲ ಕಡೆಯಿಂದಲೂ ಸಮವಾಗಿ ಇಳಿಸಿ, ಎಂಟು ಅಂಗುಲಕ್ಕೆ ಮೀರದಂತೆ ಉಳಿಸತಕ್ಕದ್ದು. ಮಣ್ಣಿನ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದರೆ ತೆಳುವಾದ ಪದರವೂ ಸೋರುವುದಿಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದಾಗಿ ಕಲ್ಲು ಬಿಡಿಸಿ ಆರುಪಾರು ರಂಧ್ರ ಮಾಡಿ, ಕೊಕ್ಕೆ ಬಗ್ಗಿಸಿದ ಕಬ್ಬಿಣದ ಸರಳನ್ನಿಟ್ಟು ಕಾಂಕ್ರೀಟ್ ತುಂಬಿಸಿದರೆ ಅದು ಅಡ್ಡಗಲ್ಲಿನ ಕೆಲಸ ಮಾಡುವುದು. ಒಮ್ಮೆಗೇ ಅನೇಕ ರಂಧ್ರಗಳನ್ನು ತೆಗೆಯಬಾರದು. ಈ ಕೆಲಸವನ್ನು ಬಲ್ಲ ಇಂಜಿನಿಯರರ ಸಲಹೆಯಂತೆ ನುರಿತ ಗೌಂಡಿಯಿಂದಲೇ ಮಾಡಿಸಬೇಕು. ಗೋಡೆಯು ಈಗಾಗಲೇ ಉಬ್ಬಿದ್ದರೆ ಅಥವಾ ಮೂಲೆಗಳು ಸೀಳಿದ್ದರೆ ಅಂಥ ಮನೆಯಲ್ಲಿ ಮಳೆಗಾಲದಲ್ಲಿ ಮಲಗುವುದು ಸರ್ವಥಾ ಕೂಡದು.

ಹೊಸದಾಗಿ ಕಲ್ಲುಮನೆ ಕಟ್ಟುವವರು ಗೋಡೆಯನ್ನು 18 ಅಂಗುಲಕ್ಕಿಂತ ದಪ್ಪ ಮಾಡಬಾರದು. ಎತ್ತರದಲ್ಲಿ ಎರಡು ಅಡಿಗೊಮ್ಮೆ, ಉದ್ದದಲ್ಲಿ ನಾಲ್ಕು ಅಡಿಗೊಮ್ಮೆ ಅಡ್ಡಗಲ್ಲು ಇಡತಕ್ಕದ್ದು. ಬಾಗಿಲು ಕಿಟಕಿಗಳ ಮೇಲ್ಗಡೆ ಸುತ್ತಲೂ ಸರಳು ಹಾಕಿದ ಕಾಂಕ್ರೀಟ್ ಪಟ್ಟಿಯನ್ನು ಕಟ್ಟಿದರೆ ಗೋಡೆಗಳೆಲ್ಲ ಸೊಂಟಕ್ಕೆ ಪಟ್ಟಿ ಬಿಗಿದಂತೆ ಒಂದಾಗಿ ನಿಲ್ಲುವುವು. ಎರೆಮಣ್ಣು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವ ಗುಣವುಳ್ಳದ್ದು. ಆದುದರಿಂದ ಬುನಾದಿಯನ್ನು ಗರಸು ಸಿಕ್ಕುವವರೆಗೆ ತೋಡುವುದು ಅಗತ್ಯ.

ಕಾಂಕ್ರೀಟಿನ ಮನೆಯನ್ನು ತಂಪಾಗಿಸುವುದು

ಬೇಸಗೆಯಲ್ಲಿ ಸೂರ್ಯನು ನೆತ್ತಿಯ ಮೇಲಿರುವುದರಿಂದ ಒಂದಂತಸ್ತಿನ ಮನೆಗೆ ಅತ್ಯಧಿಕ ಬಿಸಿ ಬರುವುದು ಮೇಲ್ಛಾವಣಿಯಿಂದ. ನಾಲ್ಕೈದು ಅಂಗುಲದ ಕಾಂಕ್ರೀಟಿನೊಳಗಿಂದ ಆ ಬಿಸಿಯು ಕೆಲವೇ ಗಂಟೆಗಳಲ್ಲಿ ಕೆಳಗಿಳಿದು, ಸಂಜೆ ಜನರು ಹೊಲದಿಂದ ಬರುವ ಹೊತ್ತಿಗೆ ಸರಿಯಾಗಿ ಕೋಣೆಯನ್ನು ಕಾಯಿಸುವುದು. ತಗಡಿನ ಮನೆಯ ಸ್ಥಿತಿಯು ಇನ್ನೂ ಕಷ್ಟಕರವಾದುದು. ಇದಕ್ಕೆ ಅಲ್ಪವ್ಯಯದ ಉಪಾಯಗಳು ಹೀಗಿವೆ:

1. ಸುಣ್ಣ ಬಳಿಯುವುದು. ಬೂದುಬಣ್ಣದ ಸಿಮೆಂಟಿನ ಛಾವಣಿಯು ಬಿಸಿಲಿನ ಬಹುಭಾಗವನ್ನು ಹೀರುವುದು. ಬೆಳ್ಳಗಿನ ಸುಣ್ಣವು ಬಹುಭಾಗವನ್ನು ಹಿಂದಕ್ಕೆ ಕಳುಹುವುದು. ಶಿವರಾತ್ರಿಯ ಬಳಿಕ ಯುಗಾದಿಯೊಳಗೆ ಛಾವಣಿಯನ್ನು ಗುಡಿಸಿ ತೊಳೆದು ಒಣಗಿಸಿ, ಒಂದು ದಿನ ನೆನೆಹಾಕಿ ಸೋಸಿದ ಸುಣ್ಣದ ತಿಳಿಗೆ ಅಂಟು ಬೆರಸಿ ಎರಡು ಮೂರು ಸಲ ಬಳಿಯಬೇಕು. ಕೋಣೆಯೊಳಗೆ ಎರಡು ಮೂರು ಡಿಗ್ರಿ ಸೆಕೆ ತಗ್ಗುವುದು. ಧೂಳಿನಿಂದ ಬಿಳುಪು ಮಾಸುವುದರಿಂದ ವರ್ಷಕ್ಕೊಮ್ಮೆ ಪುನಃ ಬಳಿಯತಕ್ಕದ್ದು. ಸುಣ್ಣವು ಕಣ್ಣಿಗೆ ತಾಗದಂತೆ ಎಚ್ಚರವಿರಬೇಕು.

2. ಛಾವಣಿಯ ಮೇಲೆ ಮಡಕೆ. ಸಣ್ಣ ಮಡಕೆಗಳನ್ನು ಬೋರಲಾಗಿ ಒತ್ತೊತ್ತಾಗಿ ಜೋಡಿಸಿ ಮೇಲೆ ಸುಣ್ಣದ ಗಾರೆಯಿಂದ ಮುಚ್ಚಿದರೆ ಒಳಗೆ ಸಿಕ್ಕಿದ ಗಾಳಿಯು ಶಾಖವನ್ನು ತಡೆಯುವುದು. ಛಾವಣಿಯು ಆ ಭಾರವನ್ನು ಹೊರಬಲ್ಲುದೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

3. ತಗಡಿನ ಮೇಲೆ ರವದಿ. ಅಫಜಲಪುರ, ಆಳಂದ ಭಾಗಗಳಲ್ಲಿ ಹೊಲದಲ್ಲಿಯೇ ಸುಟ್ಟುಹಾಕುವ ಕಬ್ಬಿನ ರವದಿಯನ್ನು ದನದ ಕೊಟ್ಟಿಗೆಯ ತಗಡಿನ ಮೇಲೆ ಹೊದಿಸಿದರೆ ದನಗಳಿಗೆ ನೆರಳು ದಪ್ಪವಾಗುವುದು. ಸೆಕೆ ಹೆಚ್ಚಿದಾಗ ಹೈನಿನ ಎಮ್ಮೆಯ ಹಾಲು ಇಳಿಯುವುದು ಎಲ್ಲರೂ ಬಲ್ಲ ಮಾತು. ಒಲೆಯಿಂದಲೂ ವಿದ್ಯುತ್ತಂತಿಯಿಂದಲೂ ದೂರವಿರುವಲ್ಲಿ ಮಾತ್ರ ಇದನ್ನು ಮಾಡತಕ್ಕದ್ದು.

4. ದಿಕ್ಕು ಮತ್ತು ನೆರಳು. ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಗಳಿಗೆ ಮುಖವಾಗಿರಲಿ. ಪಡುವಣ ಗೋಡೆಗೆ ಕಿಟಕಿ ಕಡಿಮೆಯಿದ್ದು, ಅದರ ಬದಿಗೆ ಬೇವು ಅಥವಾ ಹೊಂಗೆಯ ನೆರಳಿದ್ದರೆ ಸಂಜೆಯ ಬಿಸಿಲು ತಾಗದು.

5. ಗಾಳಿಯ ಸಂಚಾರ. ಛಾವಣಿಯ ಸಮೀಪದಲ್ಲಿ ಎದುರುಬದುರು ಗವಾಕ್ಷಿಗಳಿರಬೇಕು. ಬೆಳಿಗ್ಗೆ ಬಿಸಿಲೇರುವ ಮೊದಲು ಕಿಟಕಿಗಳನ್ನು ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ತೆರೆಯುವುದು ಹಳೆಯ ಮನೆಗಳಲ್ಲಿ ಹಿರಿಯರು ಪಾಲಿಸುತ್ತಿದ್ದ ಕ್ರಮ. ಅದಕ್ಕೆ ಕಾಸಿನ ಖರ್ಚಿಲ್ಲ.

ಸಾಮಗ್ರಿಯ ಆಯ್ಕೆ

ಸಿಮೆಂಟು ಆಗುವುದು ಸುಣ್ಣದ ಕಲ್ಲನ್ನು ಸುಟ್ಟು. ಸುಡುವಾಗ ಉರಿಯ ಹೊಗೆಯಲ್ಲದೆ ಕಲ್ಲಿನಿಂದಲೇ ವಾಯು ಹೊರಡುವುದು: ಶುದ್ಧವಾದ 100 ಕಿಲೋಗ್ರಾಂ ಸುಣ್ಣದ ಕಲ್ಲಿನಿಂದ 44 ಕಿಲೋಗ್ರಾಂ ಇಂಗಾಲಾಮ್ಲವಾಯು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟು ಕಾರ್ಖಾನೆಗಳಿರುವುದು ಭೀಮಾ ತಪ್ಪಲಿನ ಈ ಕಲ್ಲಿನ ದೆಸೆಯಿಂದಲೇ. ಅದೇ ಕಲ್ಲನ್ನು ಸುಡದೆ ಹಾಸುಗಲ್ಲಾಗಿ ಸೀಳಿದರೆ ಅದು ಶಹಾಬಾದ ಫರಸಿ. ಅದರಿಂದ ಇಂಥ ವಾಯುವಿನ ಉತ್ಪತ್ತಿಯಿಲ್ಲ. ನೆಲಕ್ಕೆ, ಕಪಾಟಿಗೆ, ಜಗುಲಿಗೆ ದೂರದೂರಿನ ಟೈಲ್ಸು ತರಿಸುವುದಕ್ಕಿಂತ ನೆರೆಯ ಫರಸಿಯು ಬರಿಗಾಲಿಗೆ ತಂಪು, ಬಾಳಿಕೆಗೂ ಲೇಸು.

ಸಿಮೆಂಟು ಬೇಕಾದಲ್ಲಿ ಹಾರುಬೂದಿ ಬೆರೆತ ಪೊಝೊಲಾನಾ ಸಿಮೆಂಟನ್ನು ಆರಿಸಿದರೆ ಸುಟ್ಟ ಕಲ್ಲಿನ ಅಂಶವು ತಗ್ಗುವುದು. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ನೀರುಣಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಎಂಬ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಾಂಕ್ರೀಟ್ ಕಂಬಗಳ ಬಹುಮಹಡಿ ಕಟ್ಟಡದ ಸಾಮಗ್ರಿಗೆ ಚದರ ಮೀಟರಿಗೆ ಸುಮಾರು 4.2 ಗಿಗಾಜೌಲ್ ಶಕ್ತಿ ವ್ಯಯವಾದರೆ, ಯಂತ್ರದಿಂದ ಒತ್ತಿದ ಮಣ್ಣಿನ ಇಟ್ಟಿಗೆ ಮುಂತಾದವುಗಳ ಕಟ್ಟಡಕ್ಕೆ ಸುಮಾರು 1.6 ಮಾತ್ರ. ಆದರೆ ಎರೆಮಣ್ಣು ಇಂಥ ಇಟ್ಟಿಗೆಗೆ ಬಾರದು. ಮರಳಿನಂಶವುಳ್ಳ ಕೆಮ್ಮಣ್ಣು ಸಿಕ್ಕುವ ಊರಿನವರು ಮಾತ್ರ ಇದನ್ನು ಯೋಚಿಸಬಹುದು.

ವಿದ್ಯುತ್ತು ಮತ್ತು ಒಲೆ

ಹಳೆಯ ಬಗೆಯ ಫ್ಯಾನು 75 ವ್ಯಾಟ್ ಎಳೆಯುವುದು. ಈಚೆಗೆ ಬಂದಿರುವ ಬಿ.ಎಲ್.ಡಿ.ಸಿ. ಫ್ಯಾನು ಸುಮಾರು 30 ವ್ಯಾಟ್. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಮೊದಲನೆಯದಕ್ಕೆ 27 ಯೂನಿಟ್, ಎರಡನೆಯದಕ್ಕೆ 11 ಯೂನಿಟ್. ಮುನ್ನೂರು ಮನೆಗಳ ಒಂದು ಊರಿನಲ್ಲಿ ಮನೆಗೆರಡು ಫ್ಯಾನುಗಳನ್ನು ಬದಲಿಸಿದರೆ ಬೇಸಗೆಯ ನಾಲ್ಕು ತಿಂಗಳಲ್ಲಿ 38,400 ಯೂನಿಟ್ ಉಳಿದು, ಸುಮಾರು 27 ಟನ್ ಇಂಗಾಲಾಮ್ಲವಾಯು ತಪ್ಪುವುದು. ಒಣಹವೆಯ ಈ ಸೀಮೆಗೆ ನೀರಿನ ಕೂಲರು ಚೆನ್ನಾಗಿ ಒಗ್ಗುವುದು. ಅದಕ್ಕೆ ಹವಾನಿಯಂತ್ರಣ ಯಂತ್ರದ ಎಂಟನೆಯ ಒಂದು ಭಾಗದಷ್ಟು ವಿದ್ಯುತ್ತು ಸಾಕು. ಆದರೆ ಕೂಲರು ನಡೆಯುವಾಗ ಎದುರಿನ ಕಿಟಕಿ ತೆರೆದಿರಲೇಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯಿಡಲಾಯಿತು. ಬೇಸಗೆಯ ಬಳಕೆಯು ಮಿತಿ ಮೀರದಂತೆ ನೋಡಿಕೊಳ್ಳುವುದು ಮನೆಯ ಯಜಮಾನನಿಗೇ ಲಾಭ.

ಅಡಿಗೆಮನೆಯ ಬಿಸಿಯನ್ನೂ ಹೊಗೆಯನ್ನೂ ಹೆಣ್ಣುಮಕ್ಕಳೇ ಅನುಭವಿಸುವರು. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಹತ್ತನೆಯ ಒಂದು ಭಾಗ ಮಾತ್ರ ಪಾತ್ರೆಗೆ ತಾಗುವುದು. ಅದೇ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ಅಸ್ತ್ರ ವಿಭಾಗದವರು ರೂಪಿಸಿದ ಹೊಗೆಗೊಳವೆಯ ಅಸ್ತ್ರ ಒಲೆಯಲ್ಲಿ ಅದರ ಮೂರು ಪಟ್ಟು ತಾಗುವುದು. ತೊಗರಿಕಟ್ಟಿಗೆಯೂ ಅಷ್ಟೇ ಉಳಿಯುವುದು. ನಾಲ್ಕೈದು ದನಗಳುಳ್ಳವರು ದಿನಕ್ಕೆ 50 ಕಿಲೋಗ್ರಾಂ ಸೆಗಣಿಯಿಂದ ಎರಡು ಘನಮೀಟರಿನ ಗೋಬರ್ ಗ್ಯಾಸ್ ಸ್ಥಾವರವನ್ನು ನಡೆಸಬಹುದು. ಕುಳ್ಳು ತಟ್ಟಿ ಸುಟ್ಟ ಸೆಗಣಿಯು ಬೂದಿಯಾಗಿ ಹೋಗುವುದು. ಗ್ಯಾಸಿಗೆ ಹಾಕಿದ ಸೆಗಣಿಯು ಒಲೆಯನ್ನೂ ಉರಿಸಿ, ರಾಡಿಗೊಬ್ಬರವಾಗಿ ಹೊಲಕ್ಕೂ ಬರುವುದು.

ಊರಿನ ಮುಖಂಡರ ಕರ್ತವ್ಯ

ಮೇಲೆ ಹೇಳಿದವುಗಳಲ್ಲಿ ಬಹುಪಾಲು ಉಪಾಯಗಳಿಗೆ ಹಣಕ್ಕಿಂತ ಮೇಲ್ಪಂಕ್ತಿಯೇ ಮುಖ್ಯ. ಗೌಡರು ತಮ್ಮ ವಾಡೆಯ ಮಾಳಿಗೆಯ ಮಣ್ಣನ್ನು ಇಳಿಸಿದರೆ ಓಣಿಯವರು ನೋಡಿ ಕಲಿಯುವರು. ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟಡಗಳ ಛಾವಣಿಗೆ ಮೊದಲು ಸುಣ್ಣ ಬಳಿಸುವುದು ಯೋಗ್ಯ. ಮಕ್ಕಳೇ ಅದರ ಗುಣವನ್ನು ಮನೆಮನೆಗೆ ಹೇಳುವರು. ಜಮೀನುದಾರರು ಆಳುಮಕ್ಕಳಿಗೆ ಕಟ್ಟಿಸಿಕೊಟ್ಟ ತಗಡಿನ ಕೋಣೆಗಳನ್ನು ಮರೆಯಬಾರದು. ಬಿಸಿಲಿನಲ್ಲಿ ದುಡಿದವನು ರಾತ್ರಿಯೂ ಬಿಸಿಯಲ್ಲಿಯೇ ಮಲಗುವಂತಾದರೆ ಅವನ ಮೈಗೆ ವಿಶ್ರಾಂತಿಯೆಲ್ಲಿ? ಒಂದು ಚೀಲ ಸುಣ್ಣದಿಂದಲೂ ಒಂದು ಬಂಡಿ ರವದಿಯಿಂದಲೂ ನೀಗುವ ಕಷ್ಟವನ್ನು ಉಳಿಯಗೊಡುವುದು ಉಚಿತವಲ್ಲ.

ಮುಂಗಾರು ಹಿಡಿಯುವ ಮೊದಲು ಪ್ರತಿ ಗ್ರಾಮದಲ್ಲಿಯೂ ಹಿರಿಯರು ಒಬ್ಬ ಬಲ್ಲ ಗೌಂಡಿಯೊಡನೆ ಓಣಿ ಓಣಿ ತಿರುಗಿ, ಉಬ್ಬಿದ ಗೋಡೆಯಾವುದು, ಭಾರ ಹೆಚ್ಚಿದ ಮಾಳಿಗೆಯಾವುದು ಎಂದು ಗುರುತಿಸಿ ಮನೆಯವರಿಗೆ ತಿಳಿಯಹೇಳಲಿ. ಎಲ್ಲಕ್ಕಿಂತ ಮೊದಲು ಆಗತಕ್ಕ ಕೆಲಸ ಇದೇ.