ಸತ್ತ ಬೆಕ್ಕಿನ ಜಾಗಕ್ಕೆ ಇನ್ನೊಂದು: ಅವಸರ ಬ್ಯಾಡ

ಅಕ್ಕಲಕೋಟ ಪೇಟೆಯಲ್ಲಿ ಕಾಳುಕಡಿ ವ್ಯಾಪಾರದ ಮನೆಯೊಂದು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮರಾಠಿ, ಒಳಗೆ ಕನ್ನಡ. ಜೋಳ, ತೊಗರಿ ಚೀಲಗಳ ಸಂದಿಯಲ್ಲಿ ಇಲಿ ಹಿಡಿಯುತ್ತಿದ್ದ ಬೆಕ್ಕು ‘ಬಾ’ ಅಂದರೂ ಬರುತ್ತಿತ್ತು, ‘ಯೇ’ ಅಂದರೂ ಬರುತ್ತಿತ್ತು.

ಹೋದ ಮಳೆಗಾಲದಲ್ಲಿ ಅದು ಊಟ ಬಿಟ್ಟಿತು. ವಾಂತಿ, ಭೇದಿ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತಿತೇ ಹೊರತು ಕುಡಿಯಲಿಲ್ಲ. ಮೂರನೆಯ ದಿನ ಸತ್ತಿತು. ಇಲಿಗಳು ಚೀಲ ಕಡಿಯತೊಡಗಿದವು. ಎಂಟು ದಿನದಲ್ಲೇ ಹಳ್ಳಿಯಿಂದ ಮರಿಯೊಂದು ಬಂತು. ಎರಡು ವಾರ ತುಂಬುವುದರೊಳಗೆ ಅದೂ ಹಾಗೆಯೇ ಹೋಯಿತು.

“ನಮ್ಮ ಮನೀಗೆ ಬೆಕ್ಕು ಆಗಿ ಬರಂಗಿಲ್ಲ ನೋಡ್ರಿ” ಎಂದು ಮನೆಯ ಹಿರಿಯಮ್ಮ ಕಣ್ಣೊರೆಸಿಕೊಂಡರು. ಎರಡೂ ಮಲಗುತ್ತಿದ್ದುದು ಅವರ ಕೌದಿಯ ಮೇಲೆಯೇ.

ಲಕ್ಷಣಗಳನ್ನೆಲ್ಲ ಕೇಳಿದ ಪಶುವೈದ್ಯರು, “ಆಯಿ, ಮನೀದೇನೂ ತಪ್ಪಿಲ್ಲ. ಮೊದಲಿನ ಬೆಕ್ಕಿನ ರೋಗ ಇನ್ನೂ ಇಲ್ಲೇ ಐತಿ. ಅದೇ ಕೌದಿ, ಅದೇ ಬಟ್ಟಲಾ ಇದಕ್ಕೂ ಕೊಟ್ರಿ” ಎಂದರು.

ರೋಗದ ಹೆಸರು ಪ್ಯಾನ್‌ಲ್ಯೂಕೋಪೆನಿಯಾ. ಬೆಕ್ಕಿನ ಪಾರ್ವೊ ವೈರಸ್‌ನಿಂದ ಬರುವ ಇದು ರಕ್ತದ ಬಿಳಿ ಕಣಗಳನ್ನು ಕುಗ್ಗಿಸಿ ಕರುಳನ್ನು ಕೆಡಿಸುತ್ತದೆ. ಮನುಷ್ಯರಿಗೂ ದನಕರುಗಳಿಗೂ ಅಂಟುವುದಿಲ್ಲ. ಆದರೆ ಬೆಕ್ಕು ಸತ್ತ ಮೇಲೂ ನೆಲ, ಚೀಲ, ಬಟ್ಟೆಗಳಲ್ಲಿ ಈ ವೈರಸ್ ಒಂದು ವರ್ಷದವರೆಗೂ ಉಳಿಯಬಲ್ಲದು. ಚಪ್ಪಲಿಗೆ ಅಂಟಿಕೊಂಡೂ ಮನೆಗೆ ಬರುತ್ತದೆ.

ಆದ್ದರಿಂದ ಬೆಕ್ಕು ಸತ್ತರೆ, ಯಾವ ರೋಗದಿಂದ ಎಂದು ಮೊದಲು ವೈದ್ಯರನ್ನು ಕೇಳಿರಿ. ಮುಪ್ಪಿನ ಮೂತ್ರಪಿಂಡದ ರೋಗವಾಗಿದ್ದರೆ ಹೊಸ ಬೆಕ್ಕಿಗೆ ಅದರ ಭಯವಿಲ್ಲ. ಈ ರೋಗವೇ ಆಗಿದ್ದರೆ ಹಾಸಿಗೆ, ಬಟ್ಟಲುಗಳನ್ನು ಸುಟ್ಟುಬಿಡಿ ಇಲ್ಲವೆ ಹೂತುಬಿಡಿ. ನೆಲವನ್ನು ಸಾಬೂನಿನಿಂದ ತಿಕ್ಕಿ, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು, 10 ನಿಮಿಷ ಬಿಟ್ಟು ತೊಳೆಯಿರಿ. ಫಿನಾಯಿಲ್ ಬೇಡ, ಅದು ಬೆಕ್ಕಿಗೇ ವಿಷ. ಮಣ್ಣಿನ ನೆಲ ಮಾತ್ರ ಬ್ಲೀಚಿನಿಂದ ಪೂರ್ತಿ ಶುದ್ಧವಾಗುವುದಿಲ್ಲ.

ಲಸಿಕೆ ಹಾಕಿಸದೆ ಮರಿಯನ್ನು ಅಂಥ ಮನೆಗೆ ತರಲೇಬಾರದು. 6ರಿಂದ 8ನೇ ವಾರಕ್ಕೆ ಮೊದಲ ಲಸಿಕೆ, ಆಮೇಲೆ 3-4 ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ಹತ್ತಿರದ ದನದ ದವಾಖಾನೆಯಲ್ಲಿ ಸಿಗದಿದ್ದರೆ ಸುಮಾರು 40 ಕಿ.ಮೀ. ದೂರದ ಸೋಲಾಪುರದಲ್ಲಿ ವಿಚಾರಿಸಬಹುದು. ಅಲ್ಲಿಯವರೆಗೆ ಇಲಿಗೆ ಬೋನು ಇಡಿ. ಪಾಷಾಣ ತಿಂದ ಇಲಿಯನ್ನು ತಿಂದು ನೆರೆಮನೆಯ ಬೆಕ್ಕೂ ಸತ್ತೀತು.

ಆ ಮನೆಗೆ ಮೂರನೆಯ ಮರಿ ಬಂದದ್ದು ಈ ವರ್ಷ, ಬೀಗರ ಮನೆಯಲ್ಲೇ ಬೆಳೆದು, ಲಸಿಕೆಗಳನ್ನೆಲ್ಲ ಮುಗಿಸಿಕೊಂಡು. ಮಕ್ಕಳು ಹಳೆಯ ಹೆಸರನ್ನೇ ಇಡಲು ಹೊರಟಾಗ ಹಿರಿಯಮ್ಮ ತಡೆದರು:

“ಬ್ಯಾಡ್ರೋ. ಅದು ಬ್ಯಾರೆ, ಇದು ಬ್ಯಾರೆ. ಇದಕ್ಕ ಇದರದೇ ಹೆಸರ ಇರಲಿ.”

ಹೊಸ ಕೌದಿ ಹೊಲಿದದ್ದೂ ಅವರೇ.