ಪಿಎಫ್ ದುಡ್ಡು: ಕಷ್ಟಕ್ಕೆ ತೆಗೆಯಿರಿ, ಖಾತೆ ಮುಚ್ಚಬೇಡಿ

ಮೈಸೂರಿನ ಕೆಆರ್‌ಎಸ್ ರಸ್ತೆ ಹಿಡಿದು ಮೇಟಗಳ್ಳಿಯ ಕಡೆ ಹೋದರೆ ಕಾರ್ಖಾನೆಗಳ ಗೇಟುಗಳು ಒಂದರ ಹಿಂದೊಂದು ಎದುರಾಗುತ್ತವೆ. ಹಳಬರು ಇಂದಿಗೂ ‘ವಿಕ್ರಾಂತ್’ ಎಂದೇ ಕರೆಯುವ ಜೆ.ಕೆ. ಟೈರ್ ಇಲ್ಲಿದೆ, ನೋಟು ಮುದ್ರಣಾಲಯ ಇಲ್ಲಿದೆ. ಆಚೆಗೆ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಘಟಕಗಳಿವೆ. ಈ ಭಾಗದಲ್ಲಿ ಪಾಳಿಯ ಮೇಲೆ ದುಡಿಯುವ ಎಷ್ಟೋ ಮನೆಗಳಿಗೆ ಪಿಎಫ್ ಬಿಟ್ಟರೆ ಬೇರೆ ದೊಡ್ಡ ಉಳಿತಾಯವಿಲ್ಲ. ಪಕ್ಕದ ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಕಳೆದ ದಶಕದಲ್ಲಿ ಇದೇ ರಸ್ತೆಯ ಫಾಲ್ಕನ್ ಟೈರ್ಸ್ ನಿಂತುಹೋಯಿತು. ಕೆಲಸ ಹೋದ ದಿನ ಪಿಎಫ್ ಏನಾಗುತ್ತದೆ ಎಂಬುದು ಇಲ್ಲಿಯ ಜನರಿಗೆ ಅನ್ನದ ಪ್ರಶ್ನೆ. ಆದರೆ ಗೇಟಿನ ಬಳಿ, ಕ್ಯಾಂಟೀನಿನಲ್ಲಿ, ಸೈಬರ್ ಸೆಂಟರಿನಲ್ಲಿ ಕೇಳಿಬರುವ ಉತ್ತರಗಳಲ್ಲಿ ಅರ್ಧಕ್ಕರ್ಧ ತಪ್ಪು. ಆ ತಪ್ಪಿಗೆ ಬೆಲೆ ತೆರುವವರು ಮೊದಲೇ ಕಷ್ಟದಲ್ಲಿರುವವರು.

ತಪ್ಪು ಕಲ್ಪನೆ: ಕಂಪನಿ ಮುಳುಗಿದರೆ ಪಿಎಫ್ ಕೂಡ ಮುಳುಗುತ್ತದೆ

ಸತ್ಯ: ಖಾತೆಗೆ ಜಮೆಯಾದ ಹಣ ಕಂಪನಿಯದಲ್ಲ, ನಿಮ್ಮದು. ಅದನ್ನು ಕಾಯುವುದು ಭವಿಷ್ಯ ನಿಧಿ ಸಂಸ್ಥೆ, ಅಂದರೆ ಇಪಿಎಫ್‌ಒ. ಕೆಲವು ದೊಡ್ಡ ಸಂಸ್ಥೆಗಳು ಸ್ವಂತ ಟ್ರಸ್ಟ್ ನಡೆಸಿದರೂ ಅದು ಇಪಿಎಫ್‌ಒ ಉಸ್ತುವಾರಿಯಲ್ಲೇ ಇರಬೇಕು. ಭವಿಷ್ಯ ನಿಧಿ ಕಾನೂನಿನ ಪ್ರಕಾರ ಸದಸ್ಯರ ಸಾಲಕ್ಕಾಗಿ ಈ ಹಣವನ್ನು ಯಾವ ನ್ಯಾಯಾಲಯವೂ ಜಪ್ತಿ ಮಾಡುವಂತಿಲ್ಲ. ಕಂಪನಿ ದಿವಾಳಿಯಾದರೂ ಕಾರ್ಮಿಕರ ಪಿಎಫ್ ಬಾಕಿಯನ್ನು ಬ್ಯಾಂಕುಗಳಿಗೆ ಹಂಚುವ ಆಸ್ತಿಯೊಳಗೆ ಸೇರಿಸುವಂತಿಲ್ಲ ಎಂದು 2016ರ ದಿವಾಳಿ ಸಂಹಿತೆ ಹೇಳುತ್ತದೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ಸಂಬಳದಲ್ಲಿ ಮುರಿದುಕೊಂಡ ಹಣವನ್ನು ಕಟ್ಟದೇ ಇರುವ ಮಾಲೀಕರು, ಗುತ್ತಿಗೆದಾರರು ಇದ್ದಾರೆ. ಆದ್ದರಿಂದ ಸಂಬಳದ ಚೀಟಿ ನೋಡಿದರೆ ಸಾಲದು, ಪಾಸ್‌ಬುಕ್ ನೋಡಬೇಕು. ಯುಎಎನ್‌ಗೆ, ಅಂದರೆ ಪಿಎಫ್ ಸದಸ್ಯರ ಗುರುತಿನ ಸಂಖ್ಯೆಗೆ, ಜೋಡಿಸಿರುವ ಮೊಬೈಲಿನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಜಮೆಯ ವಿವರ ಸಂದೇಶವಾಗಿ ಬರುತ್ತದೆ. ಗುತ್ತಿಗೆದಾರ ಕಟ್ಟದಿದ್ದರೆ ಆ ಹೊಣೆ ಮುಖ್ಯ ಕಂಪನಿಯ ಮೇಲೂ ಬೀಳುತ್ತದೆ.

ತಪ್ಪು ಕಲ್ಪನೆ: 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ

ಸತ್ಯ: ಈ ಭಯಕ್ಕೆ ಒಂದು ಹಿನ್ನೆಲೆಯಿದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ, ಕೆಲಸ ಬಿಟ್ಟವರು ತಮ್ಮ ಪಾಲನ್ನಷ್ಟೇ ತೆಗೆಯಬಹುದು, ಮಾಲೀಕರ ಪಾಲಿಗೆ 58ರವರೆಗೆ ಕಾಯಬೇಕು ಎಂದಿತು. ಆ ವರ್ಷ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಮಗಳ ಮದುವೆ, ಮಕ್ಕಳ ಫೀಸು, ಊರಿನ ಸಾಲ ಎಲ್ಲಕ್ಕೂ ಅವರು ನಂಬಿದ್ದು ಆ ಹಣವನ್ನೇ. ಏಪ್ರಿಲ್ 19ರಂದೇ ಕೇಂದ್ರ ಆ ಆದೇಶವನ್ನು ಹಿಂತೆಗೆದುಕೊಂಡಿತು. ಇಂದಿಗೂ ಕೆಲಸ ಹೋದವರು ಇಡೀ ಪಿಎಫ್ ಪಡೆಯಲು ಸಾಧ್ಯವಿರುವುದರ ಹಿಂದೆ ಆ ಹೆಣ್ಣುಮಕ್ಕಳ ಎರಡು ದಿನಗಳ ಹೋರಾಟವಿದೆ.

ಕೆಲಸದಲ್ಲಿರುವಾಗಲೂ ಕಾಯಿಲೆ, ಮದುವೆ, ಓದು, ಮನೆ, ಲಾಕೌಟ್ ಮುಂತಾದ ಕಾರಣಗಳಿಗೆ ಮುಂಗಡ ತೆಗೆಯಲು ಹಿಂದಿನಿಂದಲೂ ಅವಕಾಶವಿದೆ. ಹೆಸರು ಮುಂಗಡವಾದರೂ ಇದು ಸಾಲವಲ್ಲ. ಮರಳಿ ಕಟ್ಟಬೇಕಿಲ್ಲ, ಬಡ್ಡಿಯೂ ಇಲ್ಲ. 2025ರ ಅಕ್ಟೋಬರ್ 13ರಂದು ಇಪಿಎಫ್‌ಒದ ಕೇಂದ್ರ ಟ್ರಸ್ಟಿಗಳ ಮಂಡಳಿ 13 ಬಗೆಯ ನಿಯಮಗಳನ್ನು ಒಂದುಗೂಡಿಸಿ ಅಗತ್ಯ, ವಸತಿ, ವಿಶೇಷ ಸಂದರ್ಭ ಎಂಬ ಮೂರು ಗುಂಪು ಮಾಡುವ ತೀರ್ಮಾನ ಕೈಗೊಂಡಿತು. ಅದರಂತೆ 12 ತಿಂಗಳ ಸೇವೆ ಸಾಕು, ಮಾಲೀಕರ ಪಾಲನ್ನೂ ತೆಗೆಯಬಹುದು, ವಿಶೇಷ ಸಂದರ್ಭಕ್ಕೆ ಕಾರಣ ಹೇಳಬೇಕಿಲ್ಲ, ಆದರೆ ಶೇ. 25ರಷ್ಟು ಖಾತೆಯಲ್ಲೇ ಉಳಿಯಬೇಕು. ಕೆಲಸ ಹೋದರೆ ಶೇ. 75 ತಕ್ಷಣವೇ ಸಿಗುತ್ತದೆ, ಆದರೆ ಪೂರ್ತಿ ಸೆಟ್ಲ್‌ಮೆಂಟಿಗೆ 2 ತಿಂಗಳ ಬದಲು 12 ತಿಂಗಳು ಕಾಯಬೇಕು. ಮಂಡಳಿಯ ತೀರ್ಮಾನ ಬೇರೆ, ಜಾರಿಯಾದ ನಿಯಮ ಬೇರೆ. ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂಬುದನ್ನು ಇಪಿಎಫ್‌ಒ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ತಪ್ಪು ಕಲ್ಪನೆ: ಕೆಲಸ ಬಿಟ್ಟ ಮೂರು ವರ್ಷಕ್ಕೆ ಬಡ್ಡಿ ನಿಲ್ಲುತ್ತದೆ, ಅಷ್ಟರೊಳಗೆ ತೆಗೆದುಬಿಡಬೇಕು

ಸತ್ಯ: ಇದು ಹಳೆಯ ನಿಯಮದ ನೆನಪು. 2016ರ ತಿದ್ದುಪಡಿಯ ನಂತರ, ನಡುವಯಸ್ಸಿನಲ್ಲಿ ಕೆಲಸ ಬಿಟ್ಟವರ ಖಾತೆಗೆ 58 ವರ್ಷದವರೆಗೂ ಬಡ್ಡಿ ಸೇರುತ್ತಲೇ ಇರುತ್ತದೆ. 2023-24 ಮತ್ತು 2024-25ರಲ್ಲಿ ಆ ಬಡ್ಡಿ ಶೇ. 8.25 ಇತ್ತು. ಕೆಲಸ ಬಿಟ್ಟ ಮೇಲೆ ಸೇರುವ ಬಡ್ಡಿಗೆ ಮಾತ್ರ ಆದಾಯ ತೆರಿಗೆ ಅನ್ವಯಿಸುತ್ತದೆ; ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹೀಗೆಂದು ತೀರ್ಪಿತ್ತಿದೆ. ದುಡ್ಡಿನ ತುರ್ತಿಲ್ಲದಿದ್ದರೆ ಗಾಬರಿಯಿಂದ ತೆಗೆಯಬೇಕಾದ ಕಾರಣವೇ ಇಲ್ಲ.

ತಪ್ಪು ಕಲ್ಪನೆ: ಕಂಪನಿ ಬದಲಾದಾಗ ಹಳೆಯ ಪಿಎಫ್ ತೆಗೆದುಕೊಳ್ಳುವುದೇ ಜಾಣತನ

ಸತ್ಯ: ಅತಿ ಹೆಚ್ಚು ನಷ್ಟ ಮಾಡುವ ನಂಬಿಕೆ ಇದು. ಗುತ್ತಿಗೆಯ ಮೇಲೆ ದುಡಿಯುವವರು ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುತ್ತಾರೆ, ಪ್ರತಿ ಸಲವೂ ಹಳೆಯದನ್ನು ಪೂರ್ತಿ ತೆಗೆಯುತ್ತಾರೆ. ಇಪ್ಪತ್ತು ವರ್ಷ ದುಡಿದರೂ ದಾಖಲೆಯಲ್ಲಿ ಉಳಿಯುವ ಸೇವೆ ಎರಡೇ ವರ್ಷ.

ಮೊದಲ ಪೆಟ್ಟು ತೆರಿಗೆಯದು. ಸತತ 5 ವರ್ಷ ಸೇವೆಯಾಗುವ ಮೊದಲು ಪೂರ್ತಿ ತೆಗೆದರೆ ತೆರಿಗೆ ಬರುತ್ತದೆ. ಮೊತ್ತ 50,000 ರೂಪಾಯಿ ಮುಟ್ಟಿದರೆ, ಪ್ಯಾನ್ ಕೊಟ್ಟಿದ್ದರೂ ಶೇ. 10 ಕಡಿತವಾಗುತ್ತದೆ. ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿದರೆ ಎರಡೂ ಕಡೆಯ ಸೇವೆ ಕೂಡಿ ಲೆಕ್ಕಕ್ಕೆ ಬರುತ್ತದೆ. ಕಾರ್ಖಾನೆ ಮುಚ್ಚಿ, ಕಾಯಿಲೆಯಿಂದ ಅಥವಾ ಕಾರ್ಮಿಕರ ಕೈಮೀರಿದ ಕಾರಣದಿಂದ ಕೆಲಸ ಹೋಗಿದ್ದರೆ, 5 ವರ್ಷ ಆಗಿರದಿದ್ದರೂ ತೆರಿಗೆ ಇಲ್ಲ. ಬೀಗ ಬಿದ್ದ ಕಾರ್ಖಾನೆಯ ಕಾರ್ಮಿಕರಿಗೆ ಈ ವಿನಾಯಿತಿಯನ್ನು ಯಾರೂ ಹೇಳುವುದಿಲ್ಲ, ಕೇಳಿ ಪಡೆಯಬೇಕು.

ಎರಡನೆಯ ಪೆಟ್ಟು ಪಿಂಚಣಿಯದು. ಮಾಲೀಕರು ಕಟ್ಟುವ ಶೇ. 12ರಲ್ಲಿ ಶೇ. 8.33, ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ, 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. 10 ವರ್ಷ ಸೇವೆಯಾದರೆ 58ರಿಂದ ಬದುಕಿರುವವರೆಗೂ ಪಿಂಚಣಿ. ಪಿಂಚಣಿಗೆ ಪರಿಗಣಿಸುವ ಸಂಬಳ 15,000 ರೂಪಾಯಿ ಎಂದಿಟ್ಟುಕೊಂಡರೆ 10 ವರ್ಷಕ್ಕೆ ಸುಮಾರು 2,142 ರೂಪಾಯಿ. ಸೇವೆ ಬೆಳೆದಂತೆ ಅದೂ ಬೆಳೆಯುತ್ತದೆ. 10 ವರ್ಷಕ್ಕೆ ಮೊದಲು ಕೆಲಸ ಬಿಟ್ಟವರು ಈ ಹಣವನ್ನೂ 10ಸಿ ಫಾರ್ಮ್ ಹಾಕಿ ತೆಗೆಯುವುದುಂಟು. ಹಾಗೆ ತೆಗೆದರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ. ಅದರ ಬದಲು ಅದೇ ಫಾರ್ಮಿನಲ್ಲಿ, ಸೇವೆಯ ವರ್ಷಗಳನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಮುಂದೆ ಎಂದಾದರೂ ಮತ್ತೆ ಕೆಲಸಕ್ಕೆ ಸೇರಿದಾಗ ಆ ವರ್ಷಗಳು ಕೂಡಿಕೊಳ್ಳುತ್ತವೆ.

ತಪ್ಪು ಕಲ್ಪನೆ: ಸಾಲ ಮಾಡಿದರೂ ಸರಿ, ಪಿಎಫ್ ಮುಟ್ಟಬಾರದು

ಸತ್ಯ: ಇದರ ಎದುರು ದಿಕ್ಕಿನ ನಂಬಿಕೆಯೂ ಇದೆ, ‘ಒಂದು ಲಕ್ಷ ತೆಗೆದರೆ ಏನು ಮಹಾ’ ಎಂದು. ಎರಡಕ್ಕೂ ಲೆಕ್ಕವೇ ಉತ್ತರ. 35ನೇ ವಯಸ್ಸಿನಲ್ಲಿ ತೆಗೆಯದೇ ಬಿಟ್ಟ 1 ಲಕ್ಷ ರೂಪಾಯಿ, ಬಡ್ಡಿ ಶೇ. 8.25ರಲ್ಲೇ ನಿಂತರೆ, 58ಕ್ಕೆ ಸುಮಾರು 6.2 ಲಕ್ಷವಾಗುತ್ತದೆ. ಟಿವಿಗೆ, ಬೈಕಿಗೆ ತೆಗೆದರೆ ಕಳೆದುಕೊಳ್ಳುವುದು ಅಷ್ಟನ್ನು.

ಆದರೆ ಅದೇ 1 ಲಕ್ಷವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ಕೈಸಾಲ ತಂದರೆ ವರ್ಷಕ್ಕೆ 36,000 ರೂಪಾಯಿ ಬಡ್ಡಿ. ಪಿಎಫ್‌ನಲ್ಲಿ ಬಿಟ್ಟ ಹಣ ಅದೇ ವರ್ಷ ಗಳಿಸುವುದು 8,250. ಇಂಥ ಸಾಲ ಬೆಳೆಯಲು ಬಿಟ್ಟು ಪಿಎಫ್ ಕಾಪಾಡಿಕೊಳ್ಳುವುದು ಉಳಿತಾಯವೇ ಅಲ್ಲ. 2025ರ ಆರಂಭದಲ್ಲಿ ನಂಜನಗೂಡು ಸೀಮೆಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಹೋದದ್ದನ್ನೂ, ರಾಜ್ಯ ಸರ್ಕಾರ ಕಿರುಕುಳ ತಡೆಗೆ ಸುಗ್ರೀವಾಜ್ಞೆ ತಂದದ್ದನ್ನೂ ನಾವು ಕಂಡಿದ್ದೇವೆ. ಮನೆಯವರ ನೆಮ್ಮದಿ ಕೆಡಿಸುವ ಸಾಲಕ್ಕಿಂತ ಮುಂಗಡ ನೂರು ಪಾಲು ಮೇಲು. ಪಿಎಫ್ ತೆಗೆಯುವುದು ಸೋಲಲ್ಲ, ಅವಮಾನವೂ ಅಲ್ಲ; ನಿಮ್ಮ ದುಡಿಮೆಯನ್ನು ನೀವೇ ಬಳಸಿಕೊಳ್ಳುವ ಹಕ್ಕು.

ತಪ್ಪು ಕಲ್ಪನೆ: ಆಸ್ಪತ್ರೆ ಖರ್ಚು ಬಂದರೆ ಪಿಎಫ್ ಒಂದೇ ದಾರಿ

ಸತ್ಯ: ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತಾರೆ, ಮನೆಯ ಅವಲಂಬಿತರಿಗೂ ಚಿಕಿತ್ಸೆ ಇದೆ. ಮೈಸೂರಿನ ಇಎಸ್‌ಐ ಆಸ್ಪತ್ರೆ ಇರುವುದೂ ಕೆಆರ್‌ಎಸ್ ರಸ್ತೆಯಲ್ಲೇ. ಅಲ್ಲಿಲ್ಲದ ಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಬರೆದುಕೊಡುವ ವ್ಯವಸ್ಥೆಯೂ ಇದೆ. ಮೊದಲು ಅದನ್ನು ಕೇಳಿ. ಅದಕ್ಕೆ ಮೀರಿದ್ದಕ್ಕೆ ಪಿಎಫ್‌ನ ಕಾಯಿಲೆ ಮುಂಗಡ ಇದ್ದೇ ಇದೆ.

ತಪ್ಪು ಕಲ್ಪನೆ: ಏಜೆಂಟ್ ಇಲ್ಲದೆ, ಕಂಪನಿಯ ಸಹಿ ಇಲ್ಲದೆ ಆಗುವುದಿಲ್ಲ

ಸತ್ಯ: ಯುಎಎನ್‌ಗೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಜೋಡಣೆಯಾಗಿದ್ದರೆ ಅರ್ಜಿಗೆ ಕಂಪನಿಯ ಸಹಿ ಬೇಡ, ಶುಲ್ಕವೂ ಇಲ್ಲ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ, ಕೊನೆಯ ಜಮೆಯಾದ ಎರಡು ತಿಂಗಳ ಮೇಲೆ ನೀವೇ ನಮೂದಿಸಬಹುದು. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ತಾಳೆಯಾಗದೆ. ಅದನ್ನು ಕಷ್ಟ ಬರುವ ಮೊದಲೇ ಸರಿಪಡಿಸಿಕೊಳ್ಳಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಗೊಂದಲವಿದ್ದರೆ ಮೈಸೂರಿನ ಪಿಎಫ್ ಕಚೇರಿಗೇ ಹೋಗಿ. ಪ್ರತಿ ತಿಂಗಳ 27ರಂದು ಜಿಲ್ಲೆಯಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರದಲ್ಲೂ ಕೇಳಬಹುದು.

ಹಾಗಾದರೆ ಮಾಡಬೇಕಾದ್ದೇನು?

ಮೊದಲು ಪಾಸ್‌ಬುಕ್ ನೋಡಿ. ಬರಬೇಕಾದ ಗ್ರ್ಯಾಚುಟಿ, ಬಾಕಿ ಸಂಬಳ, ಇಎಸ್‌ಐ ಸೌಲಭ್ಯ ಕೇಳಿ ಪಡೆಯಿರಿ. ಅವು ಪಿಎಫ್‌ಗೆ ಸೇರಿದವಲ್ಲ, ಬೇರೆಯೇ ಹಕ್ಕುಗಳು. ಆಮೇಲೂ ಕೊರತೆ ಬಿದ್ದರೆ ಎಷ್ಟು ಬೇಕೋ ಅಷ್ಟನ್ನೇ ಮುಂಗಡವಾಗಿ ತೆಗೆಯಿರಿ. ಪೂರ್ತಿ ಸೆಟ್ಲ್‌ಮೆಂಟ್ ಮತ್ತು 10ಸಿ ಹಣ, ಇವೆರಡನ್ನು ಬೇರೆ ಎಲ್ಲ ದಾರಿ ಮುಗಿದ ಮೇಲಷ್ಟೇ ಯೋಚಿಸಿ. ತೆಗೆದ ಹಣವನ್ನು ಮತ್ತೆ ದುಡಿದು ಕೂಡಿಸಬಹುದು. ಅಳಿಸಿಹೋದ ಸೇವೆಯ ವರ್ಷಗಳನ್ನು ಮತ್ತೆ ದುಡಿಯಲಾಗದು.